ಸಕ್ಕರೆ, ಕೆಫೀನ್ ಎರಡೂ ಇಲ್ಲದ ಸೋಡಾ: ಸಿಲಿಂಡರ್‌ನಿಂದ ಕಾಚಂಪುಳಿಯವರೆಗೆ

250 ಮಿ.ಲೀ. ಕೋಲಾದಲ್ಲಿ ಸುಮಾರು 26 ಗ್ರಾಂ ಸಕ್ಕರೆ, 25 ಮಿಲಿಗ್ರಾಂ ಆಸುಪಾಸು ಕೆಫೀನ್ ಇರುತ್ತದೆ. ಎರಡನ್ನೂ ತೆಗೆದರೆ ಉಳಿಯುವುದು ಗುಳ್ಳೆ, ಹುಳಿ, ತಂಪು, ಚೂರು ಕಹಿ ಮತ್ತು ಮೂಗಿಗೆ ಹತ್ತುವ ಪರಿಮಳ. ಈ ಐದನ್ನು ಸರಿಯಾದ ಅಳತೆಯಲ್ಲಿ ಕೂಡಿಸಿದರೆ ನಾಲಿಗೆ ಸಿಹಿಯನ್ನು ಅಷ್ಟಾಗಿ ಹುಡುಕುವುದಿಲ್ಲ. ಅಳತೆ ತಪ್ಪಿದರೆ ಮಾತ್ರ ‘ಏನೋ ಕಡಿಮೆ’ ಅನ್ನಿಸುತ್ತದೆ, ಆಗ ಕೈ ಬೆಲ್ಲದ ಡಬ್ಬಿಗೆ ಹೋಗುತ್ತದೆ. ಕೊಡಗಿನ ಮನೆಗಳಲ್ಲಿ ಇವಕ್ಕೆ ಬೇಕಾದ ಸಾಮಗ್ರಿಯೆಲ್ಲ ಹಿತ್ತಿಲಲ್ಲೋ ಅಟ್ಟದ ಮೇಲೋ ಇರುತ್ತದೆ: ಕಾಚಂಪುಳಿ (ಹಣ್ಣಿನ ರಸ ಕಾಯಿಸಿ ಇಳಿಸಿದ ಕಪ್ಪು ಹುಳಿ), ಕಿತ್ತಳೆ ಸಿಪ್ಪೆ, ಶುಂಠಿ, ಏಲಕ್ಕಿ, ಕಾಳುಮೆಣಸು, ಗಾಂಧಾರಿ ಮೆಣಸು, ಬೇಲಿಗೆ ಹಬ್ಬಿದ ಪ್ಯಾಶನ್ ಫ್ರೂಟ್. ಹೊರಗಿನಿಂದ ತರಬೇಕಾದದ್ದು ಗುಳ್ಳೆ ಕೊಡುವ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಮತ್ತು ಅದರ ಜೋಡಣೆ.

ಇದು ಆ ಜೋಡಣೆಯ, ಅದರ ಮೇಲೆ ಮಾಡುವ ಪಾನೀಯಗಳ ಕೆಲಸದ ಟಿಪ್ಪಣಿ.

ಯಾವುದು ಲೆಕ್ಕಕ್ಕೆ ಬರುವುದಿಲ್ಲ

ಬೆಲ್ಲ, ಜೇನು ಎರಡೂ ಸಕ್ಕರೆಯೇ. ಒಂದು ಟೀ ಚಮಚ ಜೇನಿನಲ್ಲಿ ಐದು ಗ್ರಾಂಗಿಂತ ಹೆಚ್ಚು ಸಕ್ಕರೆ ಇರುತ್ತದೆ, ಕೊಡಗಿನ ಜೇನಾದರೂ ಅಷ್ಟೇ. ಮೇಲಾಗಿ ಕಾಫಿ ಹೂವಿನ ಮಕರಂದದಲ್ಲೇ ಸೂಕ್ಷ್ಮ ಪ್ರಮಾಣದ ಕೆಫೀನ್ ಇದೆ. ಈಚೆಗೆ ತೋಟಗಳಲ್ಲಿ ಜನಪ್ರಿಯವಾಗುತ್ತಿರುವ ಕಾಸ್ಕರಾ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಸಿಪ್ಪೆಯ ಪಾನೀಯ, ತಣ್ಣಗೆ ಬಹಳ ಚೆನ್ನಾಗಿರುತ್ತದೆ. ಆದರೆ ಅದರಲ್ಲಿ ಕೆಫೀನ್ ಇದ್ದೇ ಇದೆ. ಕೆಫೀನ್ ತೆಗೆದ ಡಿಕ್ಯಾಫ್ ಕಾಫಿಯಲ್ಲೂ ಲೋಟಕ್ಕೆ ಕೆಲವು ಮಿಲಿಗ್ರಾಂ ಉಳಿದಿರುತ್ತದೆ. ರಾತ್ರಿ ನಿದ್ದೆಗಾಗಿಯೋ ವೈದ್ಯರು ಹೇಳಿದ್ದಕ್ಕಾಗಿಯೋ ಕೆಫೀನ್ ಪೂರ್ತಿ ಬಿಟ್ಟವರು ಈ ಎರಡನ್ನೂ ಬದಿಗಿಡಬೇಕು.

ಶುಂಠಿಗೆ ಸಕ್ಕರೆ ಹಾಕಿ ಹುಳಿ ಬರಿಸಿ ಗುಳ್ಳೆ ತರಿಸುವ ಪದ್ಧತಿಯೂ ಇಲ್ಲಿಲ್ಲ. ಯೀಸ್ಟ್ ಸಕ್ಕರೆಯನ್ನು ತಿಂದರೂ ಪೂರ್ತಿ ಮುಗಿಸುವುದಿಲ್ಲ; ತಿಂದಷ್ಟಕ್ಕೆ ಗ್ಯಾಸ್ ಜೊತೆ ಸ್ವಲ್ಪ ಆಲ್ಕೋಹಾಲ್ ಕೂಡ ಬರುತ್ತದೆ. ಬಾಟಲಿಯೊಳಗಿನ ಒತ್ತಡವೂ ನಮ್ಮ ಹಿಡಿತದಲ್ಲಿರುವುದಿಲ್ಲ.

ಹಣ್ಣಿನ ತಿರುಳಿನಲ್ಲಿ ಸಕ್ಕರೆ ಇದ್ದೇ ಇರುತ್ತದೆ. ಆದ್ದರಿಂದ ಲೋಟಕ್ಕೆ 2 ಗ್ರಾಂ ಎಂಬ ಗೆರೆ ಹಾಕಿಕೊಂಡಿದ್ದೇವೆ. ಪ್ಯಾಶನ್ ಫ್ರೂಟ್ ಮಾತ್ರ ಈ ಗೆರೆಯ ಹತ್ತಿರ ಬರುತ್ತದೆ, ಉಳಿದವು ಬಹಳ ಕೆಳಗೆ.

ಹುಳಿಯ ಲೆಕ್ಕ ಮೊದಲು

ಸಕ್ಕರೆ ಬಿಟ್ಟ ಷರಬತ್ತು ಕೆಡುವುದು ಹೆಚ್ಚಾಗಿ ಇಲ್ಲೇ. ನಿಂಬೆ ಷರಬತ್ತಿಗೆ ಒಂದು ಪೂರ್ತಿ ನಿಂಬೆಹಣ್ಣು ಹಿಂಡುವ ಅಭ್ಯಾಸ ನಮಗೆಲ್ಲ ಇದೆ. ಮಧ್ಯಮ ಹಣ್ಣಿನಲ್ಲಿ 15 ಮಿ.ಲೀ. ರಸ, ಅದರಲ್ಲಿ ಸುಮಾರು ಶೇ. 6 ಆಮ್ಲ. 250 ಮಿ.ಲೀ. ಲೋಟಕ್ಕೆ ಹಾಕಿದರೆ ಶೇ. 0.36 ಆಮ್ಲವಾಯಿತು. ಇಷ್ಟು ಹುಳಿಯನ್ನು ತಡೆದುಕೊಳ್ಳಲು ನಾಲ್ಕೈದು ಚಮಚ ಸಕ್ಕರೆ ಬೇಕು. ಸಕ್ಕರೆ ತೆಗೆದು ಹುಳಿಯನ್ನು ಹಾಗೇ ಬಿಟ್ಟರೆ ಹಲ್ಲು ಜುಮ್ಮೆನ್ನುತ್ತದೆ, ಲೋಟ ಅರ್ಧಕ್ಕೇ ನಿಲ್ಲುತ್ತದೆ.

ಸಿಹಿಯಿಲ್ಲದ ಸೋಡಾಕ್ಕೆ ಶೇ. 0.10ರಿಂದ 0.15 ಆಮ್ಲ ಸಾಕು, ಏಕೆಂದರೆ ನೀರಿನಲ್ಲಿ ಕರಗಿದ ಗ್ಯಾಸ್ ಕೂಡ ಹುಳಿಯನ್ನೇ ಕೊಡುತ್ತದೆ. ಅಂದರೆ 250 ಮಿ.ಲೀ.ಗೆ ನಿಂಬೆರಸ ಬರೀ 5 ಮಿ.ಲೀ., ಒಂದು ಟೀ ಚಮಚ. ಮೊದಲು ಇಷ್ಟನ್ನೇ ಹಾಕಿ ರುಚಿ ನೋಡಿ, ಬೇಕಾದರೆ ಮಿಲಿಲೀಟರ್ ಲೆಕ್ಕದಲ್ಲಿ ಏರಿಸಿ. ಔಷಧಿ ಅಂಗಡಿಯಲ್ಲಿ ಸಿಗುವ ಸೂಜಿಯಿಲ್ಲದ 5 ಮಿ.ಲೀ. ಸಿರಿಂಜ್ ಈ ಕೆಲಸಕ್ಕೆ ಚಮಚಕ್ಕಿಂತ ಒಳ್ಳೆಯದು.

ಉಪ್ಪಿನದೂ ಇದೇ ಲೆಕ್ಕ. ರುಚಿಗೆ ತಿಳಿಯದಷ್ಟು ಉಪ್ಪು ಕಹಿಯನ್ನು ಅಡಗಿಸಿ ಪಾನೀಯಕ್ಕೆ ಮೈ ಕೊಡುತ್ತದೆ. ಪುಡಿ ಉಪ್ಪನ್ನು ಸೋಡಾಕ್ಕೆ ಎರಚಿದರೆ ಪ್ರತಿ ಹರಳಿನ ಮೇಲೂ ಗುಳ್ಳೆ ಹುಟ್ಟಿ ನೊರೆ ಉಕ್ಕಿ ಗ್ಯಾಸ್ ಹೋಗಿಬಿಡುತ್ತದೆ. ಅದಕ್ಕೆ 10 ಗ್ರಾಂ ಉಪ್ಪನ್ನು ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ 100 ಮಿ.ಲೀ. ಮಾಡಿಟ್ಟುಕೊಳ್ಳಿ. ಲೋಟಕ್ಕೆ 2 ಮಿ.ಲೀ. ಹಾಕಿದರೆ 0.2 ಗ್ರಾಂ ಉಪ್ಪು. ರಕ್ತದೊತ್ತಡ ಇರುವವರು ಇದನ್ನು ಬಿಡಬಹುದು.

ನೀರು

ಗ್ಯಾಸ್ ತುಂಬುವ ನೀರನ್ನು ಕುದಿಸಿ ಆರಿಸಲೇಬೇಕು. ಮಳೆಗಾಲದ ಬಾವಿ, ತೊರೆ ನೀರಿಗೆ ಇದು ಆರೋಗ್ಯದ ಕಾರಣಕ್ಕೆ. ಇನ್ನೊಂದು ಕಾರಣ, ಕುದಿಸಿದಾಗ ನೀರಿನಲ್ಲಿ ಕರಗಿದ್ದ ಗಾಳಿ ಹೊರಹೋಗುತ್ತದೆ. ಅಂಥ ನೀರು ಗ್ಯಾಸನ್ನು ಚೆನ್ನಾಗಿ ಹಿಡಿಯುತ್ತದೆ, ತೆರೆದಾಗ ಬುಸ್ಸೆಂದು ಉಕ್ಕುವುದೂ ಕಡಿಮೆ. ಮಡಿಕೇರಿಯ ಎತ್ತರದಲ್ಲಿ ನೀರು 96 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಮರಳ ಕುದಿ ಬಂದ ಮೇಲೆ ಎರಡು ನಿಮಿಷ ಬಿಟ್ಟರೆ ಸಾಕು.

ಬೋರ್‌ವೆಲ್ ನೀರಾದರೆ ಬಕೆಟ್ಟಿನ ಒಳಗೋಡೆ ನೋಡಿ. ತುಕ್ಕಿನ ಬಣ್ಣದ ಉಂಗುರ ಕಟ್ಟಿದ್ದರೆ ನೀರಿನಲ್ಲಿ ಕಬ್ಬಿಣವಿದೆ. ಸಿಪ್ಪೆ, ಬೇರು, ಎಲೆಗಳ ಒಗರು ಅದಕ್ಕೆ ಸೇರಿದರೆ ಪಾನೀಯ ಮಂಕಾಗಿ ಕಪ್ಪಾಗುತ್ತದೆ, ಬಾಯಲ್ಲಿ ಲೋಹದ ರುಚಿ ಉಳಿಯುತ್ತದೆ. ಅಂಥ ನೀರನ್ನು ಎತ್ತರದಿಂದ ಸುರಿದು ಗಾಳಿಯಾಡಿಸಿ, ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ಫಿಲ್ಟರ್‌ಗೆ ಹಾಕಿ. ಬೇರೆ ಮೂಲದ ನೀರು ಸಿಕ್ಕರೆ ಇನ್ನೂ ಒಳ್ಳೆಯದು.

ಕುದಿಸಿದ ನೀರನ್ನು ಫ್ರಿಜ್ಜಿನ ಹಿಂಭಾಗದಲ್ಲಿಟ್ಟು 3–4 ಡಿಗ್ರಿಗೆ ಇಳಿಸಿ. ಇಲ್ಲಿ ರಿಯಾಯಿತಿಯಿಲ್ಲ. 25 ಡಿಗ್ರಿಯ ನೀರು ಅದೇ ಒತ್ತಡದಲ್ಲಿ 4 ಡಿಗ್ರಿಯ ನೀರು ಹಿಡಿಯುವ ಗ್ಯಾಸಿನ ಅರ್ಧದಷ್ಟನ್ನು ಮಾತ್ರ ಹಿಡಿಯುತ್ತದೆ. ಮನೆಯ ಸೋಡಾ ಸಪ್ಪೆ ಅನ್ನುವ ದೂರುಗಳಲ್ಲಿ ಬಹುಪಾಲು ನೀರು ತಣ್ಣಗಿಲ್ಲದ್ದರಿಂದಲೇ ಬರುವುದು.

ಗ್ಯಾಸ್ ಜೋಡಣೆ

ಬೇಕಾದ ಸಾಮಾನು ಹೆಚ್ಚಿಲ್ಲ. ಆಹಾರ ದರ್ಜೆಯ ಕಾರ್ಬನ್ ಡೈಆಕ್ಸೈಡ್ ತುಂಬಿದ 2 ಕೆ.ಜಿ. ಸಿಲಿಂಡರ್, ಒತ್ತಡ ತೋರಿಸುವ ಎರಡು ಮುಳ್ಳಿನ ಮೀಟರುಗಳಿರುವ, ಸೇಫ್ಟಿ ವಾಲ್ವ್ ಸಹಿತದ ರೆಗ್ಯುಲೇಟರ್, ಒಂದೂವರೆ ಮೀಟರ್ ಆಹಾರ ದರ್ಜೆಯ ನೂಲು ಹೆಣೆದ ಪೈಪ್, ಹಿಮ್ಮುಖ ಹರಿವು ತಡೆಯುವ ಎನ್‌ಆರ್‌ವಿ, ಪೈಪನ್ನು ಮುಚ್ಚಳಕ್ಕೆ ಕೂಡಿಸುವ ಬಾಲ್‌ಲಾಕ್ ಕನೆಕ್ಟರ್, ಬಾಟಲಿಗೆ ಗ್ಯಾಸ್ ಬಿಡುವ ಸ್ಟೇನ್‌ಲೆಸ್ ಸ್ಟೀಲಿನ ಕಾರ್ಬನೇಶನ್ ಮುಚ್ಚಳ, ನಾಲ್ಕು ಸ್ಟೀಲ್ ಕ್ಲಿಪ್ಪು. ಬಾಟಲಿಗೆ ದುಡ್ಡು ಕೊಡಬೇಕಾಗಿಲ್ಲ. ತಂಪುಪಾನೀಯದ ಖಾಲಿ ಒಂದು ಲೀಟರ್ ಪೆಟ್ ಬಾಟಲಿ ಸಾಕು, ಕುತ್ತಿಗೆ 28 ಮಿ.ಮೀ. ಇರಬೇಕು. ತಳದಲ್ಲಿ ಐದು ಪಾದಗಳಿರುವ ಬಾಟಲಿಯನ್ನೇ ಆರಿಸಿ, ಅದು ಒತ್ತಡ ತಡೆಯಲೆಂದೇ ಮಾಡಿದ್ದು. ಕುಡಿಯುವ ನೀರಿನ ತೆಳು ಬಾಟಲಿ ಬೇಡ. ಗಾಜಿನ ಬಾಟಲಿಯಂತೂ ಬೇಡವೇ ಬೇಡ. ಒಡೆದರೆ ಚೂರು ಕಣ್ಣಿಗೆ ಬರುತ್ತದೆ.

ಸಿಲಿಂಡರ್ ವಿಷಯದಲ್ಲಿ ಮೂರು ಎಚ್ಚರಿಕೆ. ಬೆಂಕಿ ಆರಿಸುವ ಸಿಲಿಂಡರನ್ನು ಬಳಸಬಾರದು. ಅದರೊಳಗೆ ತಳದವರೆಗೆ ಕೊಳವೆ ಇರುತ್ತದೆ, ತೆರೆದರೆ ಗ್ಯಾಸಿನ ಬದಲು ದ್ರವವೇ ರೆಗ್ಯುಲೇಟರ್‌ಗೆ ನುಗ್ಗುತ್ತದೆ. ವೆಲ್ಡಿಂಗ್ ಅಂಗಡಿಯ ಸಿಲಿಂಡರ್ ಅಗ್ಗಕ್ಕೆ ಸಿಗಬಹುದು, ಆದರೆ ಒಳಗೆ ಎಣ್ಣೆಯ ಅಂಶವಿದ್ದರೆ ಪಾನೀಯಕ್ಕೆ ಬರುತ್ತದೆ. ಭುಜದ ಮೇಲೆ ಹೊಡೆದಿರುವ ಪರೀಕ್ಷೆಯ ದಿನಾಂಕ ಮೀರಿದ ಸಿಲಿಂಡರನ್ನು ತುಂಬಿಸಲೇಬೇಡಿ.

ಟ್ಯೂಬ್‌ಲೆಸ್ ಟೈರಿನ ವಾಲ್ವನ್ನು ಬಾಟಲಿ ಮುಚ್ಚಳಕ್ಕೆ ತೂರಿಸಿ ಗ್ಯಾಸ್ ತುಂಬುವ ಉಪಾಯ ಬಹಳ ಕಡೆ ಓಡಾಡುತ್ತಿದೆ. ಕೆಲಸವೇನೋ ಮಾಡುತ್ತದೆ. ಆದರೆ ಆ ವಾಲ್ವ್ ಹಿತ್ತಾಳೆಯದು, ಸುತ್ತಲಿನ ರಬ್ಬರ್ ಆಹಾರಕ್ಕೆ ಮಾಡಿದ್ದಲ್ಲ. ಗ್ಯಾಸ್ ತುಂಬಿದ ನೀರು ಆಮ್ಲೀಯ, ಅದು ಹಿತ್ತಾಳೆಯಿಂದ ತಾಮ್ರವನ್ನು ಬಿಡಿಸಿಕೊಳ್ಳುತ್ತದೆ. ತಾಮ್ರ ಸೇರಿದ ಸೋಡಾ ಕುಡಿದರೆ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ಸ್ಟೀಲ್ ಮುಚ್ಚಳಕ್ಕೆ ಕೊಡುವ ದುಡ್ಡು ದಂಡವಲ್ಲ.

ಜೋಡಿಸುವ ಕ್ರಮ ಹೀಗೆ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಗೋಡೆಗೆ ಸರಪಳಿಯಿಂದ ಬಿಗಿಯಿರಿ. ವಾಲ್ವಿನ ಬಾಯಿ ಒರೆಸಿ, ನೈಲಾನ್ ವಾಷರ್ ಇಟ್ಟು ರೆಗ್ಯುಲೇಟರ್‌ನ ನಟ್ಟನ್ನು ಸ್ಪ್ಯಾನರ್‌ನಿಂದ ಬಿಗಿ ಮಾಡಿ. ಈ ಜಾಗದಲ್ಲಿ ಟೆಫ್ಲಾನ್ ಟೇಪ್ ಸುತ್ತಬೇಡಿ. ಇಲ್ಲಿ ಸೋರಿಕೆ ತಡೆಯುವುದು ವಾಷರ್, ಟೇಪಿನ ಚೂರು ಒಳಹೋದರೆ ರೆಗ್ಯುಲೇಟರ್ ಕೆಡುತ್ತದೆ. ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ ಮೆತ್ತಗಾದ ಮೇಲೆ ತೂರಿಸಿದರೆ ಸಲೀಸು. ನಡುವೆ ಎನ್‌ಆರ್‌ವಿಯನ್ನು ಬಾಣದ ಗುರುತು ಬಾಟಲಿಯ ಕಡೆಗೆ ಇರುವಂತೆ ಕೂರಿಸಿ. ಪೈಪಿನ ಎಲ್ಲ ಜೋಡಣೆಗೂ ಕ್ಲಿಪ್ಪು ಹಾಕಿ.

ರೆಗ್ಯುಲೇಟರ್ ಗುಬುಟನ್ನು ಎಡಕ್ಕೆ ಪೂರ್ತಿ ಸಡಿಲಿಸಿದ ಮೇಲೆಯೇ ಸಿಲಿಂಡರ್ ವಾಲ್ವನ್ನು ನಿಧಾನ ತೆರೆಯಬೇಕು. ಆಮೇಲೆ ಬಲಕ್ಕೆ ತಿರುಗಿಸುತ್ತ ಒತ್ತಡವನ್ನು 2.5 ಬಾರ್‌ಗೆ (ಬಾರ್ ಒತ್ತಡದ ಅಳತೆ) ತನ್ನಿ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಷ್‌ನಲ್ಲಿ ಪ್ರತಿ ಜೋಡಣೆಗೂ ಹಚ್ಚಿ ಟಾರ್ಚ್ ಹಿಡಿದು ನೋಡಿ. ದೊಡ್ಡ ಸೋರಿಕೆ ಸದ್ದಿನಿಂದಲೇ ಗೊತ್ತಾಗುತ್ತದೆ. ಕಣ್ಣಿಟ್ಟು ಹುಡುಕಬೇಕಾದದ್ದು ಕ್ಲಿಪ್ಪಿನ ಸ್ಕ್ರೂ ಇರುವ ಬದಿಯ ಅಂಚಿನಲ್ಲಿ, ಸಾಸಿವೆಗಿಂತ ಸಣ್ಣ ಬಿಳಿ ಗುಳ್ಳೆಗಳು ಒಂದರ ಮೇಲೊಂದು ಏರಿ ನೊರೆಯ ಗೆರೆ ಕಟ್ಟುವುದನ್ನು. ಕ್ಲಿಪ್ಪು ಅಲ್ಲಿ ಪೈಪನ್ನು ದುಂಡಗೆ ಒತ್ತುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಕ್ಲಿಪ್ಪನ್ನು ಸ್ಕ್ರೂ ಎದುರು ಬದಿಗೆ ಬರುವಂತೆ ಹಾಕಿದರೆ ನಿಲ್ಲುತ್ತದೆ. ಕೊನೆಗೆ ಸಿಲಿಂಡರ್ ವಾಲ್ವ್ ಮುಚ್ಚಿ ಅರ್ಧ ಗಂಟೆ ಬಿಡಿ. ಮುಳ್ಳು ಇಳಿದಿದ್ದರೆ ಇನ್ನೂ ಎಲ್ಲೋ ಸೋರುತ್ತಿದೆ.

ಸಿಲಿಂಡರ್ ಎಲ್ಲಿಡಬೇಕು ಎನ್ನುವುದು ಸಣ್ಣ ವಿಷಯವಲ್ಲ. 2 ಕೆ.ಜಿ. ಗ್ಯಾಸ್ ಪೂರ್ತಿ ಸೋರಿದರೆ ಸುಮಾರು ಒಂದು ಘನ ಮೀಟರ್. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಅದು ಗಾಳಿಯ ಶೇ. 3–4ರಷ್ಟಾಗುತ್ತದೆ, ಆ ಮಟ್ಟ ಪ್ರಾಣಕ್ಕೆ ಅಪಾಯ. ಗಾಳಿಗಿಂತ ಭಾರವಾದ್ದರಿಂದ ನೆಲದ ಬಳಿ ಇನ್ನೂ ಹೆಚ್ಚು ನಿಲ್ಲುತ್ತದೆ. ಮಳೆಗಾಲದಲ್ಲಿ ಕಿಟಕಿ ಬಾಗಿಲು ಭದ್ರ ಮಾಡಿಕೊಂಡು ಕೂರುವ ನಮ್ಮ ಮನೆಗಳಲ್ಲಿ ಸಿಲಿಂಡರ್ ಜಗಲಿಯಲ್ಲೋ ಗಾಳಿಯಾಡುವ ಹಿಂದಿನ ಚಾವಡಿಯಲ್ಲೋ ಇರಬೇಕು. ಒಲೆಯ ಹತ್ತಿರ ಬೇಡ, ಮಲಗುವ ಕೋಣೆಯಲ್ಲಿ ಖಂಡಿತ ಬೇಡ. ಪ್ರತಿ ಸಲ ಕೆಲಸ ಮುಗಿದ ಮೇಲೆ ಮುಖ್ಯ ವಾಲ್ವ್ ಮುಚ್ಚಿ.

ಎಷ್ಟು ಗ್ಯಾಸ್ ಉಳಿದಿದೆ ಎಂದು ಸಿಲಿಂಡರಿನ ಒತ್ತಡ ತೋರಿಸುವ ಮೀಟರ್ ನೋಡಿದರೆ ಗೊತ್ತಾಗುವುದಿಲ್ಲ. ಒಳಗೆ ದ್ರವ ಇರುವವರೆಗೂ ಅದು ತೋರಿಸುವುದು ಆವತ್ತಿನ ಉಷ್ಣತೆಯ ಒತ್ತಡವನ್ನು. ಮಡಿಕೇರಿಯ ಬೆಳಗಿನ 15 ಡಿಗ್ರಿಗೆ 50 ಬಾರ್, ಕುಶಾಲನಗರದ ಮಧ್ಯಾಹ್ನದ 30 ಡಿಗ್ರಿಗೆ 70 ದಾಟುತ್ತದೆ. ದ್ರವ ಮುಗಿದ ಮೇಲೆ ಮುಳ್ಳು ಸರಸರನೆ ಇಳಿಯುತ್ತದೆ. ಸಿಲಿಂಡರನ್ನು ತೂಗಿ ಬರೆದಿಡುವುದೊಂದೇ ದಾರಿ. ಬಾಟಲಿಗೆ 10–12 ಗ್ರಾಂ ಖರ್ಚಾಗುತ್ತದೆ, 2 ಕೆ.ಜಿ.ಯಲ್ಲಿ 150 ಬಾಟಲಿಗೆ ಮೋಸವಿಲ್ಲ.

ಇಷ್ಟೆಲ್ಲ ಬೇಡವೆನ್ನುವವರು ಅಂಗಡಿಯ ಪ್ಲೇನ್ ಸೋಡಾ ತಂದು ಮುಂದಿನ ರಸಗಳನ್ನು ಬೆರೆಸಬಹುದು. ಲೇಬಲ್ ಮಾತ್ರ ಓದಿ. ಕೆಲವಕ್ಕೆ ಅಡುಗೆ ಸೋಡಾ ಸೇರಿಸಿರುತ್ತಾರೆ, ಅದು ಹುಳಿಯನ್ನು ತಿಂದುಹಾಕುತ್ತದೆ. ಅಂಥದ್ದಾದರೆ ನಿಂಬೆರಸವನ್ನು ಎರಡು ಮಿ.ಲೀ. ಹೆಚ್ಚಿಸಿ, ಉಪ್ಪು ನೀರು ಬಿಡಿ.

ಬಾಟಲಿಗೆ ಗ್ಯಾಸ್ ತುಂಬುವುದು

ಒಂದು ಲೀಟರ್ ಬಾಟಲಿಗೆ 800 ಮಿ.ಲೀ. ತಣ್ಣೀರು ಹಾಕಿ. ನೀರು ಕುತ್ತಿಗೆಗೆ ಬರುವಷ್ಟು ಬಾಟಲಿಯನ್ನು ಹಿಸುಕಿ, ಗಾಳಿಯನ್ನೆಲ್ಲ ಹೊರಡಿಸಿ, ಹಾಗೆಯೇ ಮುಚ್ಚಳ ತಿರುಗಿಸಿ. ಕನೆಕ್ಟರ್ ಒತ್ತಿದಾಗ ಬಾಟಲಿ ಪಟ್ಟನೆ ಉಬ್ಬುತ್ತದೆ. ಈಗ ಅಡ್ಡ ಹಿಡಿದು ಒಂದು ನಿಮಿಷ ಜೋರಾಗಿ ಅಲುಗಾಡಿಸಿ. ಮೊದಲು ಪೈಪಿನಲ್ಲಿ ಗ್ಯಾಸ್ ಹರಿಯುವ ಸದ್ದು ಕೇಳುತ್ತದೆ, ಅದು ನಿಂತಾಗ ನೀರು ತನಗೆ ಬೇಕಾದಷ್ಟನ್ನು ತೆಗೆದುಕೊಂಡಿದೆ ಎಂದರ್ಥ. ಕನೆಕ್ಟರ್ ಬಿಡಿಸಿ ಬಾಟಲಿಯನ್ನು ಕನಿಷ್ಠ ಎರಡು ಗಂಟೆ ಫ್ರಿಜ್ಜಿನಲ್ಲಿಡಿ. ಕೂಡಲೇ ತೆರೆದರೆ ಗುಳ್ಳೆ ದಪ್ಪ ದಪ್ಪ ಬಂದು ಬೇಗ ಹೋಗುತ್ತದೆ. ಕೂತ ಸೋಡಾದ ಗುಳ್ಳೆ ಸಣ್ಣದು, ಬಹಳ ಹೊತ್ತು ನಿಲ್ಲುತ್ತದೆ. ಒತ್ತಡವನ್ನು 3 ಬಾರ್ ಮೇಲೆ ಏರಿಸಬೇಡಿ. ರುಚಿಯೇನೂ ಹೆಚ್ಚುವುದಿಲ್ಲ.

ಬರೀ ನೀರಿಗೆ ಮಾತ್ರ ಗ್ಯಾಸ್ ತುಂಬಿ. ರಸ ಬೆರೆಸಿದ ನೀರಿಗೆ ತುಂಬಿದರೆ ನಾರು, ಪಿಷ್ಟ ಎಲ್ಲ ಗುಳ್ಳೆಗೆ ನೆಲೆಯಾಗಿ ತೆರೆಯುವಾಗ ಅರ್ಧ ಬಾಟಲಿ ಸಿಂಕಿಗೆ ಹೋಗುತ್ತದೆ. ಅಂಟು ವಾಲ್ವಿಗೂ ಹತ್ತುತ್ತದೆ. ಮಜ್ಜಿಗೆಗೆ ಗ್ಯಾಸ್ ತುಂಬಬಹುದೇ ಎಂದು ಕೇಳುವವರಿದ್ದಾರೆ. ಬೇಡ. ಹಾಲಿನ ಪ್ರೋಟೀನು ಕಟ್ಟುವ ನೊರೆ ಇಳಿಯುವುದೇ ಇಲ್ಲ.

ಶುಂಠಿ, ನಿಂಬೆ, ಗಾಂಧಾರಿ

ಬಲಿತ ಶುಂಠಿ 100 ಗ್ರಾಂ ಸಿಪ್ಪೆ ತೆಗೆದು 200 ಮಿ.ಲೀ. ನೀರಿನಲ್ಲಿ ರುಬ್ಬಿ ಬಟ್ಟೆಯಲ್ಲಿ ಹಿಂಡಿ. ಹಿಂಡಿದ ರಸ ಕಲಕಿದ ಮಣ್ಣಿನ ಬಣ್ಣದಲ್ಲಿರುತ್ತದೆ. ಗಾಜಿನ ಲೋಟದಲ್ಲಿಟ್ಟು ಅರ್ಧ ಗಂಟೆ ಅಲುಗಾಡಿಸದೆ ಬಿಡಿ. ತಳದಲ್ಲಿ ಸುಣ್ಣದಷ್ಟು ಬಿಳಿಯ ಪದರ ಗಟ್ಟಿಯಾಗಿ ಕೂರುತ್ತದೆ, ಅದರ ಮೇಲೆ ತೆಳ್ಳನೆಯ ಕಂದು ಗಸಿ, ಅದರ ಮೇಲೆ ಹಳದಿ ತಿಳಿ. ಆ ಬಿಳಿಯದು ಪಿಷ್ಟ. ಲೋಟವನ್ನು ನಿಧಾನ ಓರೆ ಮಾಡಿ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಕಂದು ಗೆರೆ ತುಟಿಗೆ ಬರುವಾಗ ನಿಲ್ಲಿಸಿ. ಪಿಷ್ಟ ಉಳಿದ ರಸವನ್ನು ಬಿಸಿ ಮಾಡಿದರೆ ಅಂಬಲಿಯ ಹದಕ್ಕೆ ಬರುತ್ತದೆ, ಬಿಸಿ ಮಾಡದೆ ಸೋಡಾಕ್ಕೆ ಹಾಕಿದರೆ ನೊರೆ ಉಕ್ಕುತ್ತದೆ. ಎರಡೂ ತೊಂದರೆಗೆ ಈ ಅರ್ಧ ಗಂಟೆಯೇ ಮದ್ದು.

ತಿಳಿಯನ್ನು ಒಂದು ಕುದಿ ಬರಿಸಿ, ಒಲೆ ಆರಿಸಿ, ಸೀಳಿದ ಗಾಂಧಾರಿ ಮೆಣಸು ಒಂದೇ ಒಂದು ಹಾಕಿ ಐದು ನಿಮಿಷಕ್ಕೆ ತೆಗೆದುಬಿಡಿ. ಖಾರ ಗಂಟಲಲ್ಲಿ ನಿಧಾನ ಏರಬೇಕು, ನಾಲಿಗೆಯಲ್ಲಿ ಉರಿಯಬಾರದು. ಲೋಟಕ್ಕೆ ಈ ರಸ 15 ಮಿ.ಲೀ., ನಿಂಬೆರಸ 5 ಮಿ.ಲೀ., ಉಪ್ಪು ನೀರು 2 ಮಿ.ಲೀ., ಸೋಡಾ 225 ಮಿ.ಲೀ. ಸಿಹಿಯ ನೆನಪೇ ಬಾರದಂತೆ ಮಾಡುವ ಪಾನೀಯ ಇದು. ಕೋಲಾ ಬಿಡುವವರು ಇದರಿಂದಲೇ ಶುರು ಮಾಡಲಿ ಎಂಬುದು ನಮ್ಮ ಸಲಹೆ.

ಕಾಚಂಪುಳಿ ಮತ್ತು ಕಿತ್ತಳೆ ಸಿಪ್ಪೆ

ಕಾಚಂಪುಳಿ ಪಂದಿಕರಿಗೆ ಮಾತ್ರ ಎಂದುಕೊಂಡವರು ಇದನ್ನೊಮ್ಮೆ ನೋಡಬೇಕು. ಪಣಪುಳಿ ಹಣ್ಣಿನ ರಸವನ್ನು ಗಂಟೆಗಟ್ಟಲೆ ಕಾಯಿಸಿ ಇಳಿಸಿದ ಈ ಕಪ್ಪು ಹುಳಿಗೆ ಹೊಗೆಯ, ಒಣಹಣ್ಣಿನ ವಾಸನೆಯಿದೆ. ನಿಂಬೆ ಕೊಡಲಾಗದ ಆಳ ಇದು ಕೊಡುತ್ತದೆ. ಆದರೆ ಮನೆಯಿಂದ ಮನೆಗೆ, ಅಂಗಡಿಯಿಂದ ಅಂಗಡಿಗೆ ಅದರ ಮಂದ ಬೇರೆ. ಚಮಚದಲ್ಲೆತ್ತಿ ಬಿಟ್ಟು ನೋಡಿ. ಒಳ್ಳೆಯ ಮಂದದ್ದು ಚಮಚದ ಬೆನ್ನಿಗೆ ಕಂದು ಪೊರೆ ಬಿಟ್ಟು, ಹನಿ ಕೆಳಗಿಳಿಯುವಾಗ ಹಿಂದೆ ನೂಲೆಳೆದು ತಡವಾಗಿ ಕಡಿಯುತ್ತದೆ. ನೀರಿನಂತೆ ಬೀಳುವುದಾದರೆ ಅಳತೆಯನ್ನು ಎರಡರಷ್ಟು ಮಾಡಬೇಕಾದೀತು.

ಮಂದದ್ದನ್ನು ನೇರ ಅಳೆಯುವುದು ಕಷ್ಟ. 10 ಮಿ.ಲೀ. ಕಾಚಂಪುಳಿಗೆ 90 ಮಿ.ಲೀ. ಕುದಿಸಿ ಆರಿಸಿದ ನೀರು ಸೇರಿಸಿ ಗಾಜಿನ ಸೀಸೆಯಲ್ಲಿಡಿ. ಅಲ್ಯೂಮಿನಿಯಂ, ಹಿತ್ತಾಳೆ ಪಾತ್ರೆ ತಾಗಿಸಬೇಡಿ.

ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ಹಣ್ಣಿನ ಮೇಲೆ ತುರಿಯಲು ಹೋದರೆ ಹರಿಯುತ್ತದೆ. ಸುಲಿದು, ಬಿಳಿ ಭಾಗವನ್ನು ಚಮಚದ ಅಂಚಿನಿಂದ ಕೆರೆದು ತೆಗೆದು, ಬಣ್ಣದ ಪದರವನ್ನಷ್ಟೇ ಉಳಿಸಿಕೊಳ್ಳಿ. 10 ಗ್ರಾಂಗೆ 250 ಮಿ.ಲೀ. ಬಿಸಿನೀರು, ಮುಚ್ಚಿ 15 ನಿಮಿಷ, ಶೋಧಿಸಿ. ನೀರು ಕುದಿಯುತ್ತಿರಬಾರದು, ಕುದಿದರೆ ಪರಿಮಳ ಹಾರಿ ಕಹಿ ಮಾತ್ರ ಉಳಿಯುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿದ ಸಿಪ್ಪೆಯಾದರೆ 4 ಗ್ರಾಂ ಸಾಕು. ಅದರ ತೆಳು ಹೊಗೆವಾಸನೆ ಕಾಚಂಪುಳಿಗೆ ಚೆನ್ನಾಗಿ ಹೊಂದುತ್ತದೆ.

ಲೋಟಕ್ಕೆ ತೆಳು ಮಾಡಿದ ಕಾಚಂಪುಳಿ 10 ಮಿ.ಲೀ., ಸಿಪ್ಪೆನೀರು 25 ಮಿ.ಲೀ., ಉಪ್ಪು ನೀರು 1 ಮಿ.ಲೀ., ಸೋಡಾ 210 ಮಿ.ಲೀ. ಕೊನೆಯಲ್ಲಿ ಎರಡು ಕಾಳುಮೆಣಸು ಜಜ್ಜಿ ಮೇಲೆ. ಬಣ್ಣ ತೆಳು ಕೆಂಗಂದು. ಈ ಜಾತಿಯ ಹುಳಿ ತೂಕ ಇಳಿಸುತ್ತದೆ ಎಂಬ ಮಾತು ಕೇಳಿ ಲೋಟಕ್ಕೆ ಚಮಚಗಟ್ಟಲೆ ಸುರಿಯುವುದು ತಪ್ಪು. ಇಲ್ಲಿ ಅದು ರುಚಿಗೆ. ಬಣ್ಣಕ್ಕೆಂದು ಮದ್ದು ಸೊಪ್ಪು ಸೇರಿಸುವ ಆಸೆಯೂ ಬೇಡ, ಅದು ಕಕ್ಕಡ ತಿಂಗಳ ಪಾಯಸಕ್ಕೇ ಇರಲಿ.

ಚಿಕೋರಿ, ಕೋಲಾದ ಜಾಗಕ್ಕೆ

ಕಪ್ಪು ಬಣ್ಣ, ಸುಟ್ಟ ಕಹಿ ಬೇಕೆನ್ನುವವರಿಗೆ ಇದಕ್ಕಿಂತ ಹತ್ತಿರದ್ದು ಸಿಗದು. ಹುರಿದ ಚಿಕೋರಿ ಬೇರಿನಲ್ಲಿ ಕೆಫೀನ್ ಇಲ್ಲ. ಕಾಫಿಪುಡಿ ಅಂಗಡಿಯಲ್ಲಿ ಶುದ್ಧ ಚಿಕೋರಿಯನ್ನೇ ಕೇಳಿ ತನ್ನಿ. ‘ಕಾಫಿ–ಚಿಕೋರಿ ಮಿಶ್ರಣ’ ಎಂದಿರುವ ಪೊಟ್ಟಣದಲ್ಲಿ ನಿಯಮದ ಪ್ರಕಾರ ಅರ್ಧಕ್ಕಿಂತ ಹೆಚ್ಚು ಕಾಫಿಯೇ ಇರಬೇಕು. ಕಾಫಿ ಬೀಸುವ ಮಿಷನ್ನಿಗೆ ಚಿಕೋರಿಯನ್ನು ಹಾಕಿಸಬೇಡಿ, ಒಳಗೆ ಅಂಟಿದ ಕಾಫಿಪುಡಿ ಜೊತೆಗೆ ಬರುತ್ತದೆ.

12 ಗ್ರಾಂ ಪುಡಿಗೆ 500 ಮಿ.ಲೀ. ಕುದಿನೀರು, ಜಜ್ಜಿದ ಏಲಕ್ಕಿ ನಾಲ್ಕು, ಐದು ನಿಮಿಷ. ಮನೆಯ ಡಿಕಾಕ್ಷನ್ ಫಿಲ್ಟರ್‌ಗೆ ಹಾಕಬೇಡಿ. ಚಿಕೋರಿ ನೆನೆದು ಅಂಟಾಗಿ ತೂತುಗಳನ್ನೆಲ್ಲ ಮುಚ್ಚುತ್ತದೆ, ಒಂದು ಲೋಟ ಇಳಿಯಲು ಬೆಳಗಾಗುತ್ತದೆ. ಎರಡು ಮಡಿಕೆಯ ಬಟ್ಟೆಯಲ್ಲಿ ಶೋಧಿಸಿ ಚೆನ್ನಾಗಿ ತಣಿಸಿ. ಲೋಟಕ್ಕೆ 80 ಮಿ.ಲೀ. ಚಿಕೋರಿ, 15 ಮಿ.ಲೀ. ಸಿಪ್ಪೆನೀರು, 2 ಮಿ.ಲೀ. ನಿಂಬೆರಸ, 2 ಮಿ.ಲೀ. ಉಪ್ಪು ನೀರು. ಸೋಡಾ 150 ಮಿ.ಲೀ. ಮೂರು ಕಂತಿನಲ್ಲಿ, ಲೋಟ ಓರೆ ಮಾಡಿ ಹಾಕಿ. ನೊರೆ ಕಂದಾಗಿ ಎರಡು ಬೆರಳು ಎತ್ತರ ಏರುತ್ತದೆ. ದಿನಕ್ಕೆ ಒಂದು ಲೋಟ ಸಾಕು. ಚಿಕೋರಿಯ ನಾರು ಹೆಚ್ಚಾದರೆ ಹೊಟ್ಟೆ ಉಬ್ಬರಿಸುತ್ತದೆ. ಸೇವಂತಿಗೆ ಜಾತಿಯ ಹೂಗಳಿಗೆ ಅಲರ್ಜಿ ಇರುವವರು ಮುಟ್ಟದಿರುವುದು ಕ್ಷೇಮ.

ಉಳಿದ ಎರಡು

ಪ್ಯಾಶನ್ ಫ್ರೂಟ್: ಸಿಪ್ಪೆ ಸುಕ್ಕುಗಟ್ಟಿದ ನೇರಳೆ ಬಣ್ಣದ ಹಣ್ಣು ಉತ್ತಮ, ಹುಳಿ ತಗ್ಗಿರುತ್ತದೆ. ಚೆಟ್ಟಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದ ‘ಕಾವೇರಿ’ ತಳಿ ಇದ್ದರೆ ಅದೂ ಆಗುತ್ತದೆ. ತಿರುಳನ್ನು ಮಿಕ್ಸಿಗೆ ಹಾಕಬಾರದು; ಬೀಜ ಒಡೆದರೆ ಕಹಿ, ಜೊತೆಗೆ ಮರಳು ಮರಳು. ಜರಡಿಯಲ್ಲಿ ಚಮಚದಿಂದ ಒತ್ತಿ ತೆಗೆದ 20 ಗ್ರಾಂ ರಸದಲ್ಲಿ ಸುಮಾರು 2 ಗ್ರಾಂ ಸಕ್ಕರೆ. 225 ಮಿ.ಲೀ. ಸೋಡಾ ಹಾಕಿ, ನಿಂಬೆ ಬೇಡ.

ಮಜ್ಜಿಗೆ ಹುಲ್ಲು (ಲೆಮನ್ ಗ್ರಾಸ್): ಹಸಿ ಎಲೆ 15 ಗ್ರಾಂ ಕತ್ತರಿಸಿ, 500 ಮಿ.ಲೀ. ಕುದಿಸಿ ಇಳಿಸಿದ ನೀರಿನಲ್ಲಿ ಮುಚ್ಚಿ ಹತ್ತು ನಿಮಿಷ. ಅರ್ಧ ಲೋಟ ಇದು, ಅರ್ಧ ಲೋಟ ಸೋಡಾ, 4 ಮಿ.ಲೀ. ನಿಂಬೆರಸ. ಮಕ್ಕಳಿಗೆ ಹಿಡಿಸುತ್ತದೆ.

ಸ್ಟೀವಿಯಾ ಮುಂತಾದ ಸಿಹಿಕಾರಕ ಹಾಕಬಹುದೇ? ಹಾಕಿದರೆ ಸಕ್ಕರೆಯಂತೂ ಸೇರುವುದಿಲ್ಲ. ಆದರೆ ಪುಡಿಯ ಪೊಟ್ಟಣಗಳಲ್ಲಿ ಪಿಷ್ಟದಿಂದ ಮಾಡಿದ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸಿರುವುದುಂಟು, ಓದಿ ತನ್ನಿ. ತೂಕ ನಿಯಂತ್ರಣಕ್ಕೆಂದು ಇಂಥ ಸಿಹಿಕಾರಕಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ನಾಲಿಗೆಗೆ ಕಡಿಮೆ ಸಿಹಿಯ ರೂಢಿಯಾಗಲಿ ಎಂಬುದೇ ಉದ್ದೇಶವಾದರೆ ಹಾಕದಿರುವುದೇ ಸರಿ.

ಕೆಟ್ಟರೆ ಎಲ್ಲಿ ನೋಡಬೇಕು

ಸೋಡಾ ಸಪ್ಪೆಯಾದರೆ ಮೊದಲು ನೀರಿನ ಉಷ್ಣತೆ, ಆಮೇಲೆ ಬಾಟಲಿಯಲ್ಲಿ ಉಳಿದ ಗಾಳಿ, ಕೊನೆಗೆ ಮುಚ್ಚಳದೊಳಗಿನ ರಬ್ಬರ್ ಬಳೆ, ಅಂದರೆ ಓ-ರಿಂಗ್. ರಾತ್ರಿ ಗಟ್ಟಿಯಿದ್ದ ಬಾಟಲಿ ಬೆಳಿಗ್ಗೆ ಮೆತ್ತಗಾಗಿದ್ದರೆ ಓ-ರಿಂಗೇ ಕಾರಣ. ತಲೆಕೆಳಗಾಗಿ ನೀರಿನಲ್ಲಿ ಅದ್ದಿದರೆ ಗುಳ್ಳೆ ಕಾಣುತ್ತದೆ. ರೆಗ್ಯುಲೇಟರ್ ಮೇಲೆ ಮಂಜು ಕಟ್ಟಿದರೆ ಸತತವಾಗಿ ಬಹಳ ಬಾಟಲಿ ತುಂಬಿದ್ದೀರಿ, ಹತ್ತು ನಿಮಿಷ ಬಿಡಿ.

ಐಸ್ ಹಾಕುವ ಮೊದಲು ತುಂಡುಗಳ ಮೇಲೆ ಒಮ್ಮೆ ತಣ್ಣೀರು ಹಾಯಿಸಿ. ನೀರು ಹಾಯಿಸದ ಐಸಿನ ಒರಟು ಮೈಯಲ್ಲಿ ಗುಳ್ಳೆ ಒಮ್ಮೆಲೇ ಹುಟ್ಟಿ ಗ್ಯಾಸ್ ಹೋಗುತ್ತದೆ. ರಸ ಮೊದಲು, ಐಸ್ ಆಮೇಲೆ, ಸೋಡಾ ಕೊನೆಗೆ, ಚಮಚ ಒಂದೇ ಸುತ್ತು.

ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದರೆ ಸೊಟ್ಟಗಾಗುತ್ತದೆ. ತಣ್ಣೀರೇ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಯಾವುದೂ ಒಣಗುವುದಿಲ್ಲ, ಮುಚ್ಚಳ ಹಾಕಿಟ್ಟರೆ ಬೂಸಲು ವಾಸನೆ ಖಚಿತ. ಬಾಯಿ ತೆರೆದು ಕವುಚಿಡಿ. ಕುತ್ತಿಗೆಯಲ್ಲಿ ಬಿಳಿ ಗೆರೆ ಮೂಡಿದರೆ, ತಳ ಉಬ್ಬಿ ಬಾಟಲಿ ನೆಟ್ಟಗೆ ನಿಲ್ಲದಿದ್ದರೆ ಎಸೆಯಿರಿ.

ರಸಗಳ ಬಾಳಿಕೆ ಸಿಹಿ ಷರಬತ್ತಿನಷ್ಟಿಲ್ಲ. ಅಲ್ಲಿ ಕೆಡದಂತೆ ಕಾಯುವುದು ಸಕ್ಕರೆಯೇ. ಸಿಪ್ಪೆನೀರು, ಮಜ್ಜಿಗೆ ಹುಲ್ಲಿನ ನೀರು, ಚಿಕೋರಿ ಎರಡು ದಿನ. ಶುಂಠಿ ರಸಕ್ಕೆ 100 ಮಿ.ಲೀ.ಗೆ 20 ಮಿ.ಲೀ. ನಿಂಬೆರಸ ಬೆರೆಸಿಟ್ಟರೆ ಐದು ದಿನ. ಆಗ ಲೋಟಕ್ಕೆ ಅದು 18 ಮಿ.ಲೀ., ಬೇರೆ ನಿಂಬೆರಸ ಬರೀ 2 ಮಿ.ಲೀ. ಹೆಚ್ಚು ದಿನಕ್ಕೆ ಬೇಕಾದರೆ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ, ಒಂದು ಗುಂಡಿಗೆ ಎಷ್ಟು ಮಿ.ಲೀ. ಹಿಡಿಯುತ್ತದೆಂದು ಮೊದಲೇ ಅಳೆದುಕೊಳ್ಳಿ. ಬಳಸುವಾಗ ಕರಗಿಸಿಯೇ ಹಾಕಿ. ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದಾಗ ಕರಗಿದ ರಸವನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ, ಚೆಲ್ಲಿಬಿಡಿ.

ಸಕ್ಕರೆ ಇಲ್ಲದಿದ್ದರೂ ಹುಳಿ ಹಲ್ಲಿನ ಮೇಲ್ಪದರವನ್ನು ಸವೆಸುತ್ತದೆ. ಊಟದ ಜೊತೆ ಕುಡಿದು ಮುಗಿಸುವುದು ಮೇಲು, ದಿನವಿಡೀ ಗುಟುಕರಿಸುವುದು ಬೇಡ. ಕುಡಿದ ಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಬ್ರಷ್ ಮಾತ್ರ ಕೂಡಲೇ ಬೇಡ.

ಪುತ್ತರಿಗೆ ಇಪ್ಪತ್ತು ಜನಕ್ಕೆ

ಕಿತ್ತಳೆ ಹಣ್ಣಾಗುವ ಕಾಲಕ್ಕೇ ಪುತ್ತರಿ ಬರುವುದರಿಂದ ಕಾಚಂಪುಳಿ ಸೋಡಾಕ್ಕೆ ಅದೇ ಸರಿಯಾದ ಹಬ್ಬ. ತಲೆಗೆ ಎರಡು ಲೋಟದಂತೆ 40 ಲೋಟ, ಅಂದರೆ 8.4 ಲೀಟರ್ ಸೋಡಾ. 800 ಮಿ.ಲೀ.ಯ 11 ಬಾಟಲಿ ಬೇಕು. ಹಿಂದಿನ ಸಂಜೆಯೇ ಐದೈದರಂತೆ, ನಡುವೆ ಹತ್ತು ನಿಮಿಷ ಬಿಟ್ಟು ತುಂಬಿ ಫ್ರಿಜ್ಜಿನಲ್ಲಿ ಅಡ್ಡ ಮಲಗಿಸಿ. ಮಂದ ಕಾಚಂಪುಳಿ 40 ಮಿ.ಲೀ.ಯನ್ನು ತೆಳು ಮಾಡಿದರೆ 400 ಮಿ.ಲೀ. ಆಗುತ್ತದೆ. ಸಿಪ್ಪೆನೀರು ಒಂದು ಲೀಟರ್, ಅದಕ್ಕೆ ಕೆರೆದ ಹಸಿ ಸಿಪ್ಪೆ 40 ಗ್ರಾಂ. ಉಪ್ಪು ನೀರು 40 ಮಿ.ಲೀ. ಈ ಮೂರನ್ನೂ ಒಂದೇ ಜಗ್ಗಿನಲ್ಲಿ ಬೆರೆಸಿ ತಣ್ಣಗಿಟ್ಟರೆ ಬಡಿಸುವವರಿಗೆ ಲೋಟಕ್ಕೆ 36 ಮಿ.ಲೀ. ಎಂಬ ಒಂದೇ ಅಳತೆ. ಸ್ಟೀಲ್ ಲೋಟದ ಒಳಗೋಡೆಗೆ ಆ ಮಟ್ಟದಲ್ಲಿ ಗುರುತು ಹಾಕಿ ಅಳತೆಗೆ ಇಟ್ಟುಕೊಳ್ಳಿ. ಬಾಟಲಿಗಳನ್ನು ಒಂದೊಂದಾಗಿ ತೆರೆಯಿರಿ, ತೆರೆದದ್ದು ಮುಗಿದ ಮೇಲೆ ಇನ್ನೊಂದು. ಒಂದು ಬಾಟಲಿಯಲ್ಲಿ ನಾಲ್ಕು ಲೋಟಕ್ಕೆ ಚೂರು ಕಡಿಮೆ ಬರುವುದರಿಂದ ಹನ್ನೆರಡನೆಯ ಬಾಟಲಿಯೊಂದು ಕೈಯಲ್ಲಿರಲಿ.